ಗುಹೆ ನೋಡಲು ಯಾವ ತಿಂಗಳು, ಯಾವ ಹೊತ್ತು?
ಬೆಳಗಾವಿ, ಖಾನಾಪುರದಿಂದ ಹೊರಡುವವರಿಗೊಂದು ಕೈಪಿಡಿ

ಬೆಳಗಾವಿಯಿಂದ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರುವಷ್ಟು ದೂರದಲ್ಲಿ ಗುಹೆಗಳಿಗೆ ಕೊರತೆ ಇಲ್ಲ. ಪೂರ್ವಕ್ಕೆ ಹೋದರೆ ಬಾದಾಮಿ. ದಕ್ಷಿಣಕ್ಕೆ ದಾಂಡೇಲಿ ಕಾಡಿನ ಕವಳಾ. ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ ಇಳಿದರೆ ಗೋವಾದ ಹರ್ವಳೆ. ಖಾನಾಪುರ ತಾಲ್ಲೂಕಿನ ಒಳಗೇ, ಭೀಮಗಡ ಅಭಯಾರಣ್ಯದ ನಡುವೆ, ಬಾರಾಪೇಡೆ ಇದೆ. ಇವುಗಳಲ್ಲಿ ಯಾವುದಕ್ಕೆ ಯಾವಾಗ ಹೋಗಬೇಕು ಎಂದು ಕೇಳುವವರು ಬಹಳ. ಸಿಗುವ ಉತ್ತರ ಮಾತ್ರ ಹೆಚ್ಚಾಗಿ ‘ರಜೆ ಇದ್ದಾಗ’ ಎಂಬುದೇ. ಗುಹೆಯ ಮಟ್ಟಿಗೆ ಇದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿಲ್ಲ. ಮಳೆ, ಬಾವಲಿ, ಕಾಡಿನ ಕಾನೂನು ಈ ಮೂರನ್ನೂ ಕೇಳಿಕೊಂಡು ದಿನ ಗೊತ್ತು ಮಾಡಬೇಕು.

ಮೊದಲು ಗುಹೆ ಯಾವ ಜಾತಿಯದು ನೋಡಿ

ಬಾದಾಮಿ, ಹರ್ವಳೆ ಎರಡೂ ಮನುಷ್ಯರು ಕಡೆದವು. ಬಾದಾಮಿಯದು ಕೆಂಪು ಮರಳುಗಲ್ಲು, ಹರ್ವಳೆಯದು ಜಂಬಿಟ್ಟಿಗೆ. ಎದುರಿನ ಬದಿ ತೆರೆದಿರುವುದರಿಂದ ಗಾಳಿ, ಬೆಳಕು ಒಳಗೆ ಬರುತ್ತವೆ. ಹೊರಗೆ ಬಿಸಿಲು ಏರಿದರೆ ಕಲ್ಲೂ ಕಾಯುತ್ತದೆ. ಕವಳಾ ಹಾಗಲ್ಲ. ಅದು ಸುಣ್ಣಕಲ್ಲನ್ನು ನೀರೇ ಕೊರೆದು ಮಾಡಿದ ಗುಹೆ. ಇಂಥ ಗುಹೆಯ ಆಳದಲ್ಲಿ ತಾಪ ವರ್ಷವಿಡೀ ಹೆಚ್ಚುಕಡಿಮೆ ಒಂದೇ, ಆ ಜಾಗದ ವಾರ್ಷಿಕ ಸರಾಸರಿಯ ಆಸುಪಾಸು. ಹಾಗಾದರೆ ಯಾವ ತಿಂಗಳಾದರೇನು ಎನ್ನಬೇಡಿ. ಕೆಳಕ್ಕೆ ಇಳಿಯುವ ಕಿರಿದಾದ ಗುಹೆಯಲ್ಲಿ ಗಾಳಿ ಬದಲಾಗುವುದು ಹೊರಗೆ ಚಳಿ ಇದ್ದಾಗ. ತಣ್ಣನೆಯ ಭಾರದ ಗಾಳಿ ಒಳಗಿಳಿದು ಬೆಚ್ಚನೆಯದನ್ನು ಮೇಲಕ್ಕೆ ತಳ್ಳುತ್ತದೆ. ಬೇಸಿಗೆಯಲ್ಲಿ ಒಳಗಿನ ಗಾಳಿ ಅಲ್ಲೇ ಮಡುಗಟ್ಟುತ್ತದೆ, ಉಸಿರು ಕಟ್ಟಿದಂತಾಗುತ್ತದೆ.

ಆಂಧ್ರದ ಬೇಲಂ ಗುಹೆ ನೋಡಿ ಬಂದವರು ಅಲ್ಲಿನ ವಿದ್ಯುತ್ ದೀಪ, ಟಿಕೆಟ್ ಕೌಂಟರ್ ನೆನೆಸಿಕೊಂಡು ಇಲ್ಲಿಗೆ ಬರಬಾರದು. ಕವಳಾದಲ್ಲಿ ನಿಮ್ಮ ಟಾರ್ಚೇ ದೀಪ.

ತಿಂಗಳು: ಸ್ವಾತಿ ಮಳೆ ಮುಗಿಯಲಿ

ಜೂನ್ ಮೊದಲ ವಾರ ಮೃಗಶಿರಾ ಹಿಡಿದರೆ ಖಾನಾಪುರ ಸೀಮೆಯಲ್ಲಿ ಸೆಪ್ಟೆಂಬರ್ ಕೊನೆಯವರೆಗೆ ಗುಹೆಯ ಮಾತೇ ಬೇಡ. ಕಣಕುಂಬಿ, ಆಮಗಾಂವ ಕಡೆ ಬೀಳುವ ಮಳೆ ರಾಜ್ಯದಲ್ಲೇ ಅತಿ ಹೆಚ್ಚು ಮಳೆಯ ಊರುಗಳ ಲೆಕ್ಕಕ್ಕೆ ಸೇರುವಂಥದ್ದು. ಜಾಂಬೋಟಿ ಹತ್ತಿರ ಹಬ್ಬನಹಟ್ಟಿಯಲ್ಲಿ ಮಲಪ್ರಭೆಯ ದಂಡೆಗೆ ಮಾರುತಿ ಗುಡಿ ಇದೆ. ಮಳೆ ಜೋರಾದ ವರ್ಷ ಹೊಳೆ ಆ ಗುಡಿಯನ್ನೇ ಮುಳುಗಿಸುತ್ತದೆ. ಹೊಳೆಯೇ ಇಷ್ಟು ಏರುವಾಗ ಕಾಡಿನ ಹಳ್ಳಗಳ ಗತಿ ಏನಿರಬೇಕು? ಹೋಗುವಾಗ ಮೊಣಕಾಲು ಮಟ್ಟ ಇದ್ದ ನೀರು ಘಟ್ಟದ ಮೇಲೆ ಒಂದು ತಾಸು ಮಳೆ ಹೊಡೆದರೆ ಬರುವಾಗ ಎದೆಮಟ್ಟ ಆಗಿರುತ್ತದೆ. ಖಾನಾಪುರ ಕಾಡಿನೊಳಗಿನ ಜಲಪಾತಗಳಿಗೆ ಅರಣ್ಯ ಇಲಾಖೆ ಮಳೆಗಾಲದಲ್ಲಿ ಪ್ರವೇಶ ಬಂದ್ ಮಾಡುತ್ತಿರುವುದು ಈ ಕಾರಣಕ್ಕೇ. ನಾಕಾದಲ್ಲಿ ನಿಂತ ಗಾರ್ಡ್ ಜೊತೆ ವಾದಕ್ಕಿಳಿಯಬೇಡಿ. ಅವರು ತಡೆಯುವುದು ನಿಮ್ಮ ಜೀವ ಉಳಿಯಲೆಂದು.

ಅಕ್ಟೋಬರ್‌ನಲ್ಲಿ ಹಸ್ತ, ಚಿತ್ತಾ ಮಳೆ ಗುಡುಗಿನೊಂದಿಗೆ ಬರುತ್ತವೆ. ದಸರಾ ರಜೆ ಬೀಳುವುದೂ ಆಗಲೇ. ಈ ಹೊತ್ತಿಗೆ ಹೊರಡಲೇಬೇಕೆಂದರೆ ಬಾದಾಮಿ ಸರಿ. ಅಲ್ಲಿ ಕಾಡಿನ ಹಳ್ಳ ದಾಟುವ ಪ್ರಶ್ನೆ ಇಲ್ಲ. ನವೆಂಬರ್ ಮೊದಲ ವಾರಕ್ಕೆ ಸ್ವಾತಿ ಮಳೆ ಮುಗಿಯುತ್ತದೆ. ಅಲ್ಲಿಂದ ಎರಡು ವಾರ ಬಿಡಿ. ಮೇಲಿನ ಮಳೆ ನಿಂತರೂ ಕಲ್ಲಿನ ಸೀಳುಗಳಲ್ಲಿ ನೀರು ಜಿನುಗುತ್ತಲೇ ಇರುತ್ತದೆ, ಪಾಚಿ ಒಣಗಿರುವುದಿಲ್ಲ. ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ, ಇದೇ ಈ ಭಾಗದ ಗುಹೆಗಳ ಹಂಗಾಮು.

ಹರ್ವಳೆಗೆ ಇದೇ ಅವಧಿಯ ಮೊದಲ ಅರ್ಧ ಒಳ್ಳೆಯದು. ಗುಹೆ ಒಣಗಿರುತ್ತದೆ, ಪಕ್ಕದ ಜಲಪಾತದಲ್ಲಿ ಇನ್ನೂ ನೀರಿರುತ್ತದೆ. ಎರಡನ್ನೂ ಒಟ್ಟಿಗೆ ನೋಡಲು ಸಿಗುವುದು ವರ್ಷದಲ್ಲಿ ಕೆಲವೇ ವಾರ.

ಫೆಬ್ರುವರಿ ದಾಟಿದರೆ ಕಾಡು ಒಣಗುತ್ತದೆ, ಬೆಂಕಿಯ ಭಯ ಶುರು. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುವ ಕಾಲವೂ ಅದೇ. ಸಿಗರೇಟಿನ ಹೊಗೆ, ಗದ್ದಲ ಸಾಕು ಅವನ್ನು ಕೆಣಕಲು. ಏಪ್ರಿಲ್, ಮೇ ತಿಂಗಳಲ್ಲಿ ಬಾದಾಮಿಯ ಮೆಟ್ಟಿಲನ್ನು ಮಧ್ಯಾಹ್ನ ಹತ್ತಿಸಿ ಮಕ್ಕಳನ್ನು, ವಯಸ್ಸಾದವರನ್ನು ದಣಿಸಬೇಡಿ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದೆ. ಆ ವಿಷ್ಣುಗೃಹ ಮುಗಿದು ಪ್ರತಿಷ್ಠೆಯಾದ ದಿನ ಶಕ ವರ್ಷ 500ರ ಕಾರ್ತಿಕ ಹುಣ್ಣಿಮೆ ಎಂದು ಅದು ಹೇಳುತ್ತದೆ, ಅಂದರೆ ಕ್ರಿ.ಶ. 578. ಇಸವಿ ಹೀಗೆ ಖಚಿತವಾಗಿ ಗೊತ್ತಿರುವ ಗುಹಾಲಯಗಳು ಬಹಳ ಕಡಿಮೆ. ಕಾರ್ತಿಕ ಹುಣ್ಣಿಮೆ ಬರುವುದೂ ನಮ್ಮ ಹಂಗಾಮಿನ ಬಾಗಿಲಲ್ಲೇ. ಆ ವಾರ ಹೋಗಿ ಶಾಸನದ ಮುಂದೆ ನಿಲ್ಲಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಮುಹೂರ್ತ ನನಗೆ ತೋಚುವುದಿಲ್ಲ.

ವಾರ, ಹಬ್ಬ, ಜಾತ್ರೆ

ಭಾನುವಾರ ಬಿಡಿ. ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ರಜೆ ಹಾಕಿದರೆ ಲಾಭ. ಬಾದಾಮಿಗೆ ಶುಕ್ರವಾರ ಹೋದರೆ ಅಲ್ಲಿನ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಮುಚ್ಚಿರುತ್ತದೆ. ಜನವರಿಯಲ್ಲಿ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ನೆರೆಯುತ್ತದೆ. ಜಾತ್ರೆ ನೋಡುವ ಆಸೆ ಇದ್ದವರಿಗೆ ಅದು ಸುಗ್ಗಿ, ಗುಹೆ ಮಾತ್ರ ನೋಡುವವರು ಆ ವಾರ ತಪ್ಪಿಸುವುದು ಲೇಸು.

ಕವಳಾದ ಲೆಕ್ಕ ಬೇರೆ. ಕಾಡಿನ ಮಧ್ಯೆ ಸುಮಾರು 375 ಮೆಟ್ಟಿಲು ಇಳಿದು, ಕಿರಿದಾದ ಬಾಯಿಯಲ್ಲಿ ಬಗ್ಗಿ, ತೆವಳಿ ಒಳಗೆ ಹೋದರೆ ಕವಳೇಶ್ವರ. ಯಾವ ಶಿಲ್ಪಿಯೂ ಕಡೆದ ಲಿಂಗವಲ್ಲ ಅದು. ಮಳೆನೀರು ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡ್ ಹೀರಿ ಸ್ವಲ್ಪ ಹುಳಿಯಾಗುತ್ತದೆ, ಸುಣ್ಣಕಲ್ಲನ್ನು ಕರಗಿಸಿಕೊಂಡು ಚಾವಣಿಯಿಂದ ತೊಟ್ಟಿಕ್ಕುತ್ತದೆ. ಗುಹೆಯ ಗಾಳಿ ತಾಗಿದೊಡನೆ ಆ ಅನಿಲ ಹಾರಿಹೋಗಿ, ಕರಗಿದ್ದ ಸುಣ್ಣ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಕೆಳಗೆ ಕೂರುತ್ತದೆ. ಹನಿಯ ಮೇಲೆ ಹನಿ ಬಿದ್ದು ಸಾವಿರಾರು ವರ್ಷಕ್ಕೆ ಎದ್ದು ನಿಂತ ಕಲ್ಲು ಇದು. ಕೈಯ ಎಣ್ಣೆ, ಬೆವರು ಹತ್ತಿದ ಜಾಗದಲ್ಲಿ ಹೊಸ ಸುಣ್ಣ ಸರಿಯಾಗಿ ಕೂರುವುದಿಲ್ಲ. ಪೂಜೆಯ ಹೊರತು ಮುಟ್ಟಬೇಡಿ ಎನ್ನುವುದು ಇದಕ್ಕಾಗಿ. ಶಿವರಾತ್ರಿಗೆ ಇಲ್ಲಿ ಸಾವಿರಾರು ಭಕ್ತರು ಸೇರುತ್ತಾರೆ. ದರ್ಶನಕ್ಕೆಂದೇ ಹೋಗುವವರು ಬೆಳಗಿನ ಜಾವವೇ ಸರದಿ ಹಿಡಿಯಿರಿ. ಹೊತ್ತೇರಿದಂತೆ ಕರ್ಪೂರದ ಹೊಗೆ, ಜನರ ಉಸಿರು ಸೇರಿ ಒಳಗೆ ನಿಲ್ಲುವುದೇ ಕಷ್ಟ. ಉಬ್ಬಸ ಇದ್ದವರು ಅಂದು ಹೊರಗಿನಿಂದಲೇ ಕೈಮುಗಿಯುವುದು ಕ್ಷೇಮ. ಉಳಿದ ದಿನಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಜನರ ಉಸಿರು ಗುಹೆಗೆ ಏನು ಮಾಡುತ್ತದೆ ಎಂಬುದಕ್ಕೆ ಫ್ರಾನ್ಸಿನ ಲಾಸ್ಕೋ ಸಾಕ್ಷಿ. 1948ರಲ್ಲಿ ಸಾರ್ವಜನಿಕರಿಗೆ ತೆರೆದ ಆ ಚಿತ್ರಗುಹೆಯನ್ನು 1963ರಲ್ಲಿ ಮುಚ್ಚಬೇಕಾಯಿತು. ಉಸಿರಿನ ತೇವ, ಅನಿಲದಿಂದ ಗೋಡೆಗೆ ಪಾಚಿ ಹಿಡಿದಿತ್ತು.

ದಿನದಲ್ಲಿ ಯಾವ ಹೊತ್ತು?

ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು. ಡಿಸೆಂಬರ್, ಜನವರಿಯಲ್ಲಿ ಜಾಂಬೋಟಿ ರಸ್ತೆಯಲ್ಲಿ ಮಂಜು ದಟ್ಟ. ಸೂರ್ಯ ಹುಟ್ಟುವ ಮೊದಲು ಗಾಡಿ ತೆಗೆಯಬೇಡಿ. ಬಾದಾಮಿ ದಾರಿಗೆ ಆ ತೊಂದರೆ ಅಷ್ಟಿಲ್ಲ, ನಸುಕಿನಲ್ಲೇ ಬೆಳಗಾವಿ ಬಿಟ್ಟರೆ ಬಿಸಿಲು ಏರುವ ಮೊದಲು ಮೂರನೆಯ ಗುಹೆ ತಲುಪಬಹುದು. ಕಾಡಿನ ದಾರಿಯಿಂದ ಸಂಜೆ ಐದರೊಳಗೆ ಹೊರಬೀಳಬೇಕು. ಕಾಡುಕೋಣ, ಕರಡಿ ಓಡಾಡುವ ಹೊತ್ತು ಅದು. ಮುಸ್ಸಂಜೆ ಬಾವಲಿಗಳು ಗುಹೆಯಿಂದ ಹೊರಡುವ ಹೊತ್ತೂ ಹೌದು, ಆಗ ಬಾಯಲ್ಲಿ ನಿಂತು ಟಾರ್ಚ್ ಬಿಡುವುದು ಅವುಗಳ ದಾರಿ ಕಟ್ಟಿದಂತೆ.

ಬಾರಾಪೇಡೆಗೆ ಯಾವಾಗ?

ಬೇಡ. ನೇರವಾಗಿಯೇ ಹೇಳುತ್ತೇನೆ, ಬಾರಾಪೇಡೆ ಪ್ರವಾಸದ ಗುಹೆಯಲ್ಲ, ಅದಕ್ಕೆ ಹಂಗಾಮಿಲ್ಲ.

ತಳೇವಾಡಿ ಹತ್ತಿರದ ಈ ಗುಹೆಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಸ್ತನಿ ಸಮೀಕ್ಷೆಯವರು 1912ರ ಸುಮಾರಿಗೆ ಬಂದಿದ್ದರು. ಅವರಿಗೆ ಸಿಕ್ಕ ಬಾವಲಿಯನ್ನು 1913ರಲ್ಲಿ ಹೊಸ ಪ್ರಭೇದವೆಂದು ವಿವರಿಸಲಾಯಿತು. ಅದೇ ರಾಟನ್ ಬಾವಲಿ. ದಟ್ಟ ಕಂದು ಮೈ, ಕುತ್ತಿಗೆಯ ಹಿಂದೆ ಬೂದುಬಿಳಿ ಪಟ್ಟಿ, ಮುಖದ ಮೇಲೆ ಮುಂದಕ್ಕೆ ಚಾಚಿದ ಅಗಲ ಕಿವಿಗಳು, ಪೊರೆಯಿಂದ ಹೊರಗೆ ಇಣುಕುವ ಬಾಲ. ಇಪ್ಪತ್ತನೆಯ ಶತಮಾನದ ಬಹುಪಾಲು ಜಗತ್ತಿನಲ್ಲಿ ಇದರ ನೆಲೆಯೆಂದು ಗೊತ್ತಿದ್ದದ್ದು ಖಾನಾಪುರದ ಈ ಒಂದೇ ಗುಹೆ. ಮೇಘಾಲಯ, ಕಾಂಬೋಡಿಯಾದಲ್ಲಿ ಇದೆಯೆಂದು ತಿಳಿದದ್ದು ಬಹಳ ತಡವಾಗಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ಹುಲಿಯ ಜೊತೆಗೇ ಮೊದಲನೆಯ ಅನುಸೂಚಿಯಲ್ಲಿ ಇಟ್ಟಿದೆ. ಸುಮಾರು 190 ಚದರ ಕಿ.ಮೀ. ಭೀಮಗಡ 2011ರಲ್ಲಿ ಅಭಯಾರಣ್ಯವಾಗಲು ಕೊಟ್ಟ ಕಾರಣಗಳಲ್ಲಿ ಈ ಪುಟ್ಟ ಜೀವವೂ ಒಂದು. ಹಗಲು ಮಲಗಿದ ಬಾವಲಿಗಳನ್ನು ಎಬ್ಬಿಸಿದರೆ ಕೂಡಿಟ್ಟ ಶಕ್ತಿ ವ್ಯರ್ಥ ಹಾರಾಟಕ್ಕೆ ಖರ್ಚಾಗುತ್ತದೆ. ತಾಯಿ ಗಾಬರಿಯಿಂದ ಹಾರಿದಾಗ ಮರಿ ಕೆಳಗೆ ಬಿದ್ದರೆ ಮತ್ತೆ ಬದುಕುವುದು ಕಷ್ಟ. ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಹೋಗುವುದು ಅಪರಾಧ ಕೂಡ. ಭೀಮಗಡದ ಕಾಡು ನೋಡುವ ಆಸೆ ಇದ್ದರೆ ಹೆಮ್ಮಡಗಾ ಕಡೆಯಿಂದ, ಇಲಾಖೆ ತೆರೆದಿಟ್ಟ ದಾರಿಯಲ್ಲೇ ಹೋಗಿ ಬನ್ನಿ.

ಹೊರಡುವ ಮುನ್ನ

ಹಿಂದಿನ ದಿನ ಆಯಾ ವಲಯ ಅರಣ್ಯ ಕಚೇರಿಗೆ ಫೋನ್ ಮಾಡಿ ದಾರಿ ತೆರೆದಿದೆಯೇ ಕೇಳಿ. ಚೋರ್ಲಾ ರಸ್ತೆಯ ಸ್ಥಿತಿಯನ್ನೂ ವಿಚಾರಿಸಿ. ಒಬ್ಬೊಬ್ಬರಿಗೂ ಒಂದು ಟಾರ್ಚ್, ಗುಂಪಿಗೆ ಹೆಚ್ಚುವರಿ ಒಂದು. ಬಾವಲಿ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಶಿಲೀಂಧ್ರ ಇರಬಹುದು, ಮಾಸ್ಕ್ ಇರಲಿ. ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕಚ್ಚಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಜಾರದ ಅಟ್ಟೆಯ ಬೂಟು, ನೀರು ಸಾಕು. ಸ್ಪೀಕರ್ ಬಾಕ್ಸ್ ಮನೆಯಲ್ಲೇ ಬಿಡಿ. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಎಲ್ಲಿಗೆ ಹೋಗಿ ಎಷ್ಟಕ್ಕೆ ಬರುತ್ತೀರೆಂದು ಮನೆಯಲ್ಲಿ ಹೇಳಿಡಿ.

ದಾರಿಯಲ್ಲಿ ಕಾಡಿಗೆ ಬೆಂಕಿ ಬಿದ್ದದ್ದು ಕಂಡರೆ, ಯಾರಾದರೂ ಗುಹೆಯೊಳಗೆ ಹೊಗೆ ಹಾಕುತ್ತಿದ್ದರೆ ಸುಮ್ಮನೆ ದಾಟಿಹೋಗಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926, ದಯವಿಟ್ಟು ಒಂದು ಕರೆ ಮಾಡಿ.