ಮೆದುಳಿನೊಳಗಿನ ಗುಳೆ

ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುವುದನ್ನು ನೀವು ಕಂಡಿದ್ದೀರಿ. ಹುಟ್ಟಿದ್ದು ಒಂದೂರು, ದುಡಿಯುವುದು ಇನ್ನೊಂದೂರು. ಗರ್ಭದಲ್ಲಿರುವ ಶಿಶುವಿನ ಮೆದುಳಿನಲ್ಲೂ ಇಂಥ ಗುಳೆ ನಡೆಯುತ್ತದೆ.

ಉಸಿರಾಟ, ನುಂಗುವಿಕೆ, ಮೈಯ ಸಮತೋಲನ ಇವೆಲ್ಲ ಹಿಮ್ಮೆದುಳಿನ ಕೆಲಸ. ಭ್ರೂಣದಲ್ಲಿ ಇದು ಸಾಲಾಗಿ ಜೋಡಿಸಿದ ಖಂಡಗಳಂತಿರುತ್ತದೆ. ಮುಖದ ಸ್ನಾಯುಗಳನ್ನು ಆಡಿಸುವ ನರಕೋಶಗಳು ನಾಲ್ಕನೆಯ ಖಂಡದಲ್ಲಿ ಹುಟ್ಟಿ, ಹಿಂದೆ ಸರಿದು ಆರನೆಯದರಲ್ಲಿ ನೆಲೆಸುತ್ತವೆ. ಹೋಗುವಾಗ ನರದ ಎಳೆಯನ್ನು ಬಿಟ್ಟುಹೋಗುವುದರಿಂದ, ಆ ನರ ಕಣ್ಣನ್ನು ಹೊರಕ್ಕೆ ತಿರುಗಿಸುವ ಕೇಂದ್ರವನ್ನು ಸುತ್ತಿ ಬರುತ್ತದೆ. ಅಲ್ಲಿ ಪೆಟ್ಟಾದರೆ ಮುಖ ಸೊಟ್ಟಗಾಗುವುದರ ಜೊತೆಗೆ ಅದೇ ಬದಿಯ ಕಣ್ಣೂ ಹೊರಕ್ಕೆ ತಿರುಗದು. ಕಾಲೇಜಿನಲ್ಲಿ ನಾನಿದನ್ನು ಬಾಯಿಪಾಠ ಮಾಡಿದ್ದೆ ಅಷ್ಟೆ, ಕಾರಣ ತಿಳಿದದ್ದು ಬಹಳ ತಡವಾಗಿ.

ಕಿರುಮೆದುಳಿನದು ಇನ್ನೂ ದೊಡ್ಡ ಕಥೆ. ಮೆದುಳಿನ ಅರ್ಧಕ್ಕಿಂತ ಹೆಚ್ಚು ನರಕೋಶಗಳಿರುವುದು ಇಲ್ಲಿಯೇ. ಅವುಗಳಲ್ಲಿ ಬಹುಪಾಲು ಮೊದಲು ಹೊರಮೈಗೆ ಹರಡಿ, ನಂತರ ಹಗ್ಗ ಹಿಡಿದು ಬಾವಿಗಿಳಿದಂತೆ ಆಧಾರಕೋಶಗಳ ಎಳೆಯ ಗುಂಟ ಒಳಪದರಕ್ಕೆ ಇಳಿಯುತ್ತವೆ. ಹೆರಿಗೆಯಾದ ಮೇಲೂ ಸುಮಾರು ಒಂದು ವರ್ಷ ಈ ಇಳಿತ ನಡೆದೇ ಇರುತ್ತದೆ.

ಇದಕ್ಕೆ ಥೈರಾಯ್ಡ್ ಹಾರ್ಮೋನು ಬೇಕೇ ಬೇಕು. ಮೊದಲ ನಾಲ್ಕು ತಿಂಗಳು ಶಿಶು ತಾಯಿಯ ಹಾರ್ಮೋನನ್ನೇ ನಂಬಿರುತ್ತದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಗರ್ಭಿಣಿಯರಿಗೆ ನಾನು ತಪ್ಪದೆ ಎರಡು ಪ್ರಶ್ನೆ ಕೇಳುತ್ತೇನೆ: ಮನೆಯಲ್ಲಿ ಯಾವ ಉಪ್ಪು? ಥೈರಾಯ್ಡ್ ಗುಳಿಗೆ ಇದೆಯೇ? "ಬಸರದಾಗ ಗುಳಿಗಿ ನುಂಗಬಾರ್ದಂತ ಅತ್ತಿ ಬಿಡಿಸ್ಯಾರ್ರಿ" ಎಂದಳು ಒಬ್ಬಾಕೆ. ಬಿಡಬಾರದು. ಎಷ್ಟೋ ಬಾರಿ ಗರ್ಭಿಣಿಗೆ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗಿ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳಿಗೆ 4 ಗಂಟೆ ಅಂತರ ಕೊಡಿ.

ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರುವುದನ್ನು 2006ರಲ್ಲಿ ದೇಶದಾದ್ಯಂತ ನಿಷೇಧಿಸಲಾಯಿತು. ಆದರೂ ದನಗಳಿಗೆಂದು ತಂದ ಹರಳುಪ್ಪು ಒಲೆಯ ಬಳಿ ಬಂದು ಕೂರುತ್ತದೆ. ಉಪ್ಪು ಹೆಚ್ಚು ತಿನ್ನಿ ಎಂದಲ್ಲ, ತಿನ್ನುವುದು ಅಯೋಡಿನ್ ಉಪ್ಪಾಗಿರಲಿ, ಮುಚ್ಚಿದ ಡಬ್ಬಿಯಲ್ಲಿರಲಿ.

ಇನ್ನು ಕೂಸು. ಥೈರಾಯ್ಡ್ ಗ್ರಂಥಿ ಸರಿಯಿಲ್ಲದೆ ಹುಟ್ಟಿದ ಕೂಸು ಮೊದಲ ವಾರಗಳಲ್ಲಿ ಚೆನ್ನಾಗಿಯೇ ಕಾಣಬಹುದು. ಅಳುವುದು ಕಡಿಮೆ, ನಿದ್ದೆ ಜಾಸ್ತಿ. "ಎಷ್ಟು ಶಾಣ್ಯಾ ಕೂಸು" ಎಂದು ಅಜ್ಜಿಗೆ ಹಿಗ್ಗು. ಹಾಲಿಗೆ ಸೋಮಾರಿತನ, ಮಲಬದ್ಧತೆ, ಎರಡು ವಾರವಾದರೂ ಇಳಿಯದ ಕಾಮಾಲೆ ಇದ್ದರೆ ಹಿಗ್ಗುವುದು ಬೇಡ, ವೈದ್ಯರಲ್ಲಿಗೆ ಒಯ್ಯಿರಿ. ಲಕ್ಷಣಗಳಿಗಾಗಿ ಕಾಯದೆ, ಹುಟ್ಟಿದ 3ರಿಂದ 5ನೆಯ ದಿನದೊಳಗೆ ಹಿಮ್ಮಡಿಯ ಒಂದೆರಡು ಹನಿ ರಕ್ತ ಪರೀಕ್ಷೆ ಮಾಡಿಸುವುದೇ ಲೇಸು. ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ನೀವಾಗಿಯೇ ಕೇಳಿ. ದೋಷ ಕಂಡರೆ ಎರಡು ವಾರದೊಳಗೆ ಚಿಕಿತ್ಸೆ ಆರಂಭವಾಗಬೇಕು. ಚಿಕ್ಕ ಗುಳಿಗೆ, ಪುಡಿಮಾಡಿ, ಎದೆಹಾಲಿನಲ್ಲಿ ಕಲಸಿ, ಚಮಚದಲ್ಲಿ ದಿನಕ್ಕೊಮ್ಮೆ ಕುಡಿಸಿದರಾಯಿತು.