ಪಿಯಾನೊ ಜೊತೆ ಅತಿಥಿ ಗಾಯಕರು

ಮಕ್ಕಳು ದೊಡ್ಡವರು ಕೂಡಿ ನೋಡುವ ಸಿನಿಮಾಗಳ ಹಾಡುಗಳನ್ನು ಪಿಯಾನೊ ಕಛೇರಿಗೆ ತಂದಾಗ, ಇಡೀ ಆರ್ಕೆಸ್ಟ್ರಾದ ಕೆಲಸ ಒಂದೇ ವಾದ್ಯದ ಮೇಲೆ ಬೀಳುತ್ತದೆ. ಅತಿಥಿ ಗಾಯಕರಿದ್ದರಂತೂ ಕಾರ್ಯಕ್ರಮದ ಅರ್ಧ ಹಣೆಬರಹ ಸ್ಕೇಲ್ ಗೊತ್ತುಮಾಡುವಾಗಲೇ ತೀರ್ಮಾನವಾಗುತ್ತದೆ.

2013ರ ‘ಫ್ರೋಜನ್’ ಚಿತ್ರದ ‘ಲೆಟ್ ಇಟ್ ಗೋ’ ಹಾಡನ್ನೇ ನೋಡಬಹುದು. ಇಡಿನಾ ಮೆಂಜೆಲ್ ಹಾಡಿದ ಇದು ಎಫ್ ಮೈನರ್‌ನಲ್ಲಿ ಮೆಲ್ಲಗೆ ಶುರುವಾಗಿ ಎ ಫ್ಲಾಟ್ ಮೇಜರ್‌ಗೆ ಹೊರಳುತ್ತದೆ. ಹರವು ಹೆಚ್ಚುಕಡಿಮೆ ಎರಡು ಸ್ಥಾಯಿ. ಮೇಲಿನ ಸ್ವರ ಮುಟ್ಟಲಾಗದವರಿಗೆಂದು ಸ್ಕೇಲ್ ತುಂಬ ಇಳಿಸಿದರೆ ಮೊದಲ ಸಾಲುಗಳು ಗಂಟಲಲ್ಲೇ ಉಳಿಯುತ್ತವೆ. ಹಾಗಾಗಿ ಅಭ್ಯಾಸವನ್ನು ಹಾಡಿನ ಎತ್ತುಗಡೆಯಿಂದ ಆರಂಭಿಸುವುದು ಸರಿಯಲ್ಲ. ಅತಿ ಎತ್ತರದ ಸಾಲು, ಅತಿ ತಗ್ಗಿನ ಸಾಲು ಎರಡನ್ನೂ ಮೊದಲು ಹಾಡಿಸಿ, ಅರ್ಧರ್ಧ ಮನೆ ಇಳಿಸುತ್ತಾ ದನಿ ಎಲ್ಲಿ ಹಗುರವಾಗುತ್ತದೆಂದು ಕೇಳಿಸಿಕೊಳ್ಳಬೇಕು.

ಯುಗಳಗೀತೆಯ ಲೆಕ್ಕ ಇನ್ನೂ ಸೂಕ್ಷ್ಮ. 1992ರ ‘ಅಲಾದ್ದೀನ್’ ಚಿತ್ರಕ್ಕೆ ಅಲನ್ ಮೆಂಕೆನ್ ಸಂಗೀತ ಕೊಟ್ಟ, ಟಿಮ್ ರೈಸ್ ಬರೆದ ‘ಅ ಹೋಲ್ ನ್ಯೂ ವರ್ಲ್ಡ್’ ಗಂಡುದನಿಗೆ ಡಿ ಮೇಜರ್‌ನಲ್ಲಿ ತೊಡಗಿ, ಹೆಣ್ಣುದನಿ ಬರುವಾಗ ಎಫ್ ಮೇಜರ್‌ಗೆ ಏರುತ್ತದೆ. ಆ ಏರಿಕೆಯಲ್ಲೇ ಹಾಡಿನ ಪುಳಕವಿದೆ. ಒಬ್ಬರಿಗಾಗಿ ಸ್ಕೇಲ್ ಸರಿಸಿದರೆ ಇನ್ನೊಬ್ಬರದೂ ಅಷ್ಟೇ ಸರಿಯುತ್ತದೆ. ಇಬ್ಬರನ್ನೂ ಒಟ್ಟಿಗೆ ಹಾಡಿಸದೆ ಗೊತ್ತುಮಾಡಿದ ಸ್ಕೇಲ್ ವೇದಿಕೆಯಲ್ಲಿ ಕೈಕೊಡುತ್ತದೆಂಬುದು ಈ ಬರಹಗಾರನ ಗಟ್ಟಿ ಅನುಭವ.

ನುಡಿಸುವಾಗ ಬಲಗೈ ಗಾಯಕರ ರಾಗವನ್ನೇ ಮರುನುಡಿಸುತ್ತಾ ಹೋದರೆ ಅವರಿಗೆ ಸ್ವಲ್ಪ ನಿಂತು, ಎಳೆದು ಹಾಡುವ ಸ್ವಾತಂತ್ರ್ಯ ಇರುವುದಿಲ್ಲ. ಪಕ್ವ ಗಾಯಕರಿಗೆ ಎಡಗೈಯ ಆಧಾರಸ್ವರ, ಮಧ್ಯದ ಕಾರ್ಡ್‌ಗಳು ಸಾಕು. ಸಾಲು ಮುಗಿದು ಅವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಬಲಗೈ ಚಿಕ್ಕದೊಂದು ಮಾತು ಸೇರಿಸಬಹುದು. ಪುಟ್ಟ ಮಕ್ಕಳು ಹಾಡುವಾಗ ಮಾತ್ರ ರಾಗವನ್ನು ಮೆಲ್ಲಗೆ ಜೊತೆಗೊಯ್ಯುವುದೇ ಪ್ರೀತಿಯ ಕ್ರಮ, ಶ್ರುತಿ ತಪ್ಪುವ ಭಯ ಆಗ ಅರ್ಧ ಕಳೆಯುತ್ತದೆ. ಪೆಡಲ್ ಒತ್ತಿಯೇ ಹಿಡಿದರೆ ಹಾಡಿನ ಪದಗಳು ಕಲಸಿಹೋಗುತ್ತವೆ. ಕಥೆ ಹೇಳುವ ಈ ಹಾಡುಗಳಲ್ಲಿ ಪದ ಕೇಳಿಸದಿದ್ದರೆ ಮಿಕ್ಕಿದ್ದೆಲ್ಲ ವ್ಯರ್ಥ.

ಗಾಯಕರು ಗ್ರ್ಯಾಂಡ್ ಪಿಯಾನೊದ ಬಾಗಿನಲ್ಲಿ ನಿಂತರೆ ಅವರ ಉಸಿರು ವಾದಕರ ಕಣ್ಣಿಗೆ ಬೀಳುತ್ತದೆ. ಮೃದು ದನಿಯವರಿದ್ದರೆ ಮುಚ್ಚಳವನ್ನು ಗಿಡ್ಡ ಕೋಲಿನ ಮೇಲೆ ನಿಲ್ಲಿಸುವುದುಂಟು. 1965ರ ‘ದ ಸೌಂಡ್ ಆಫ್ ಮ್ಯೂಸಿಕ್’ ಚಿತ್ರದ ‘ಡೋ-ರೆ-ಮಿ’ಯಂಥ, ಸಭೆಯೇ ದನಿಗೂಡಿಸುವ ಹಾಡಿಗೆ ಇದೆಲ್ಲ ತಿರುವುಮುರುವು: ಮುಚ್ಚಳ ಪೂರ್ತಿ ತೆರೆದಿರಬೇಕು, ಸ್ಕೇಲ್ ತುಸು ತಗ್ಗಿರಬೇಕು, ಬಲಗೈ ರಾಗವನ್ನೇ ಎದ್ದು ಕೇಳುವಂತೆ ನುಡಿಸಬೇಕು.