ಸೈಕಲ್ ಸವಾರನ ತಲೆಗೆ ಕಾನೂನಿನ ಕವಚ ಬೇಕೆ?

ಕಳೆದ ತಿಂಗಳ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಿದ್ದಾಗ ಹಿರಿಯ ಭಕ್ತರೊಬ್ಬರು ತಮ್ಮ ಮನೆಯ ಸಂಗತಿಯೊಂದನ್ನು ಹೇಳಿದರು. ಅವರ ಮಗ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ನೆಲೆಸಿದ್ದಾರೆ. ರಜೆಗೆಂದು ಊರಿಗೆ ಬಂದ ಹತ್ತು ವರ್ಷದ ಮೊಮ್ಮಗ, ಹೆಲ್ಮೆಟ್ ಇಲ್ಲದೆ ಸೈಕಲ್ ಹತ್ತಿದರೆ ಪೊಲೀಸರು ದಂಡ ಹಾಕುತ್ತಾರೆಂದು ಹಟ ಹಿಡಿದನಂತೆ. ಓಣಿಯ ಹುಡುಗರೆಲ್ಲ ಸುತ್ತ ನಿಂತು ನಕ್ಕರಂತೆ. “ಸೈಕಲ್ಲಿಗೂ ಹೆಲ್ಮೆಟ್ಟೆ, ಡಾಕ್ಟರೆ? ಅಷ್ಟು ಅಗತ್ಯವಿದ್ದರೆ ನಮ್ಮಲ್ಲಿ ಯಾಕಿಲ್ಲ?” ಎಂದು ಅವರು ಕೇಳಿದರು. ನಾನು ಅಂದು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಬಳಿಕ ಓದಿ, ಯೋಚಿಸಿ ತಿಳಿದುಕೊಂಡುದನ್ನು ಸದ್ಭಕ್ತರ ಮುಂದಿಡುತ್ತಿದ್ದೇನೆ.

ಆಯುರ್ವೇದದಲ್ಲಿ ಶಿರಸ್ಸಿಗೆ ಉತ್ತಮಾಂಗವೆಂದು ಹೆಸರು. ಹೃದಯ, ಬಸ್ತಿ, ಶಿರಸ್ಸು ಈ ಮೂರನ್ನು ಚರಕಾಚಾರ್ಯರು ಪ್ರಧಾನ ಮರ್ಮಗಳೆಂದು ಕರೆದರು. ಸುಶ್ರುತಾಚಾರ್ಯರು ಎಣಿಸಿದ 107 ಮರ್ಮಗಳಲ್ಲಿ 37 ಕುತ್ತಿಗೆ ಮತ್ತು ಅದರ ಮೇಲಿನ ಭಾಗದಲ್ಲಿಯೇ ಇವೆ. ಹುಬ್ಬಿನ ಕೊನೆಯ ಮೇಲೆ, ಕಿವಿಗೂ ಹಣೆಗೂ ನಡುವೆ ಇರುವ ಕಣತಲೆಯ ಭಾಗಕ್ಕೆ ಅವರು ಶಂಖಮರ್ಮವೆಂದು ಹೆಸರಿಟ್ಟು, ಪೆಟ್ಟು ಬಿದ್ದರೆ ಬೇಗನೆ ಪ್ರಾಣ ತೆಗೆಯುವ ಮರ್ಮಗಳ ಸಾಲಿನಲ್ಲಿ ಸೇರಿಸಿದರು. ಇಂದಿನ ಶರೀರಶಾಸ್ತ್ರವೂ ಅದನ್ನೇ ಹೇಳುತ್ತದೆ. ಅಲ್ಲಿ ತಲೆಬುರುಡೆ ತೆಳ್ಳಗಿದೆ. ಅದರ ಒಳಮೈಗೆ ಅಂಟಿಕೊಂಡು ರಕ್ತನಾಳವೊಂದು ಹರಿಯುತ್ತದೆ. ಮೂಳೆ ಸೀಳಿದರೆ ಆ ನಾಳ ಹರಿದು, ಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ತುಂಬುತ್ತದೆ.

ಇದನ್ನು ಪುಸ್ತಕದಲ್ಲಿ ಓದಿ ಉತ್ತೀರ್ಣನಾದ ನಾನು, ವೃತ್ತಿಯ ಆರಂಭದಲ್ಲಿ ಒಂದು ತಪ್ಪು ಮಾಡಿದೆ. ದೊಡ್ಡವರ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆಯುತ್ತಿದ್ದ ಹನ್ನೆರಡರ ಹುಡುಗನೊಬ್ಬ ಕಟ್ಟೆಯ ಕಲ್ಲಿಗೆ ತಲೆ ಬಡಿದುಕೊಂಡು ಬಿದ್ದಿದ್ದ. ಕ್ಷಣಕಾಲ ಎಚ್ಚರ ತಪ್ಪಿತ್ತಂತೆ. ನನ್ನ ಬಳಿ ಬಂದಾಗ ನಗುತ್ತಲೇ ಮಾತನಾಡಿದ. ಊತಕ್ಕೆ ಲೇಪ ಹಾಕಿ ಮನೆಗೆ ಕಳುಹಿಸಿದೆ. ರಾತ್ರಿ ಎರಡು ಬಾರಿ ವಾಂತಿಯಾಗಿ, ಮಂಪರು ಕವಿದು, ಒಂದು ಕಣ್ಣಿನ ಪಾಪೆ ಅಗಲವಾಯಿತು. ತಾಯಿ ಮಗನನ್ನು ಹೊತ್ತುಕೊಂಡು ಬಂದು ಬಾಗಿಲು ತಟ್ಟಿದಾಗಲೇ ನನಗೆ ಶಂಖಮರ್ಮ ನೆನಪಾದದ್ದು. ಸಿಕ್ಕಿದ ಲಾರಿಯಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು, ಶಸ್ತ್ರಚಿಕಿತ್ಸೆಯಾಗಿ ಬದುಕಿದ. ಬಲಗೈಯ ಹಿಡಿತ ಮಾತ್ರ ಮೊದಲಿನಂತಾಗಲಿಲ್ಲ. ಆದ್ದರಿಂದ ಸೈಕಲ್ಲಿಗೂ ಹೆಲ್ಮೆಟ್ಟೆ ಎಂದು ಯಾರಾದರೂ ನಕ್ಕರೆ ನನಗೆ ನಗು ಬರುವುದಿಲ್ಲ.

ಹೆಲ್ಮೆಟ್ ತಲೆಯನ್ನು ಕಾಯುತ್ತದೆ ಎಂಬುದರಲ್ಲಿ ಹೆಚ್ಚಿನ ಸಂಶಯವಿಲ್ಲ. ಗಾಯಗೊಂಡ 64,000ಕ್ಕೂ ಹೆಚ್ಚು ಸವಾರರನ್ನು ಒಳಗೊಂಡ 40 ಅಧ್ಯಯನಗಳನ್ನು ಆಸ್ಟ್ರೇಲಿಯಾದ ಸಂಖ್ಯಾಶಾಸ್ತ್ರಜ್ಞ ಜೇಕ್ ಆಲಿವಿಯರ್ ಮತ್ತು ಪ್ರೂಡೆನ್ಸ್ ಕ್ರೈಟನ್ ಒಟ್ಟುಗೂಡಿಸಿ ಪರಿಶೀಲಿಸಿದರು. ಹೆಲ್ಮೆಟ್ ಧರಿಸಿದವರಲ್ಲಿ ತಲೆಗಾಯದ ಸಂಭವ ಶೇ. 51ರಷ್ಟು, ತೀವ್ರ ತಲೆಗಾಯದ ಸಂಭವ ಶೇ. 69ರಷ್ಟು ಕಡಿಮೆ ಇತ್ತು. ಹೆಲ್ಮೆಟ್‌ನಿಂದ ಕುತ್ತಿಗೆಗೆ ಹಾನಿ ಎಂಬ ಮಾತಿಗೆ ಆಧಾರ ದೊರೆಯಲಿಲ್ಲ. ಹಾಗಾದರೆ ವಾದವೆಲ್ಲಿದೆ? ಧರಿಸುವುದು ಒಳ್ಳೆಯದೆ ಎಂಬುದು ಒಂದು ಪ್ರಶ್ನೆ, ಧರಿಸದವನಿಗೆ ದಂಡ ಹಾಕಬೇಕೆ ಎಂಬುದು ಇನ್ನೊಂದು ಪ್ರಶ್ನೆ. ಇವೆರಡನ್ನು ಬೆರೆಸಿದಲ್ಲಿಯೇ ಗೊಂದಲ ಹುಟ್ಟುತ್ತದೆ.

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯವು 1990ರ ಜುಲೈ 1ರಂದು, ಎಲ್ಲ ವಯಸ್ಸಿನ ಸೈಕಲ್ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿತು. ಅಲ್ಲಿನ ಶಸ್ತ್ರವೈದ್ಯರು ಇದಕ್ಕಾಗಿ ಬಹುಕಾಲ ಒತ್ತಾಯಿಸಿದ್ದರು. ಒಂದೇ ವರ್ಷದಲ್ಲಿ ಹೆಲ್ಮೆಟ್ ಧರಿಸುವವರ ಪ್ರಮಾಣ ಶೇ. 31ರಿಂದ ಶೇ. 75ಕ್ಕೆ ಏರಿತು. ವಿಮಾ ದಾಖಲೆಗಳಂತೆ, ತಲೆಗೆ ಪೆಟ್ಟಾಗಿ ಸತ್ತ ಅಥವಾ ಆಸ್ಪತ್ರೆ ಸೇರಿದ ಸವಾರರ ಸಂಖ್ಯೆ ಮೊದಲ ವರ್ಷ ಶೇ. 48ರಷ್ಟು, ಎರಡನೆಯ ವರ್ಷ ಶೇ. 70ರಷ್ಟು ಇಳಿಯಿತು. ಇಷ್ಟನ್ನೇ ಓದಿದರೆ ಯಾವ ವೈದ್ಯನಾದರೂ ಕಾನೂನಿಗೆ ಕೈಯೆತ್ತುತ್ತಾನೆ, ನಾನೂ ಎತ್ತಿದ್ದೆ.

ಆದರೆ ಅದೇ ವರದಿಯಲ್ಲಿ ಮತ್ತೆರಡು ಅಂಕಿಗಳಿವೆ. ತಲೆಗೆ ಪೆಟ್ಟಾಗದೆ, ಕೈಕಾಲು ಮುಂತಾದೆಡೆ ಗಾಯವಾಗಿ ಆಸ್ಪತ್ರೆ ಸೇರಿದ ಸವಾರರೂ ಶೇ. 23 ಮತ್ತು ಶೇ. 28ರಷ್ಟು ಕಡಿಮೆಯಾದರು. ತಲೆಗೆ ತೊಟ್ಟ ಹೆಲ್ಮೆಟ್ ಮೊಣಕಾಲನ್ನು ಕಾಯುವುದಿಲ್ಲವಲ್ಲ! ಕಾರಣ ಬೇರೆಯಿರಬೇಕು. ಮೆಲ್ಬರ್ನ್ ಸಮೀಕ್ಷೆಗಳ ಪ್ರಕಾರ ಮೊದಲ ವರ್ಷದಲ್ಲಿ ಮಕ್ಕಳ ಸೈಕಲ್ ಸವಾರಿಯೇ ಶೇ. 36ರಷ್ಟು ಕುಸಿದಿತ್ತು, ವಯಸ್ಕರಲ್ಲಿ ಅಂತಹ ಇಳಿಕೆ ಕಾಣಲಿಲ್ಲ. ಅದೇ ಕಾಲದಲ್ಲಿ ಅತಿವೇಗದ ಮೇಲೂ ಕುಡಿದು ವಾಹನ ಓಡಿಸುವವರ ಮೇಲೂ ಕಠಿಣ ಕ್ರಮ ನಡೆದಿತ್ತು. ಡೊರೊತಿ ರಾಬಿನ್ಸನ್ ಎಂಬ ಸಂಖ್ಯಾಶಾಸ್ತ್ರಜ್ಞೆ 1996ರಿಂದ ಈ ಅಂಶಗಳನ್ನು ಎತ್ತಿ ಹಿಡಿದು ವಾದಿಸಿದರು. ನನ್ನ ಓದಿನಂತೆ ಸತ್ಯ ನಡುವೆ ಇದೆ. ತಲೆಗಾಯ ಉಳಿದ ಗಾಯಗಳಿಗಿಂತ ಬಹಳ ಹೆಚ್ಚು ಇಳಿದಿದೆ. ಆ ಹೆಚ್ಚಿನ ಇಳಿಕೆಯ ಕೀರ್ತಿ ಹೆಲ್ಮೆಟ್‌ಗೆ ಸಲ್ಲಬೇಕು. ಆದರೆ ಪೂರ್ತಿ ಶೇ. 70ರ ಕೀರ್ತಿ ಅದಕ್ಕೆ ಸಲ್ಲದು.

ಮಕ್ಕಳು ಸೈಕಲ್ ಬಿಟ್ಟರೆ ಏನು ನಷ್ಟ ಎಂದು ಕೇಳಬಹುದು. ವ್ಯಾಯಾಮವಿಲ್ಲದ ಶರೀರದಲ್ಲಿ ಕಫ, ಮೇದಸ್ಸು ಬೆಳೆದು ಪ್ರಮೇಹ ಬರುವುದನ್ನು ನಾವು ದಿನನಿತ್ಯ ನೋಡುತ್ತೇವೆ. ಕಾರು ಬಿಟ್ಟು ಸೈಕಲ್ ಹಿಡಿದವನಿಗೆ ವ್ಯಾಯಾಮದಿಂದ ಆಯುಸ್ಸು 3ರಿಂದ 14 ತಿಂಗಳು ವೃದ್ಧಿಯಾಗುತ್ತದೆ, ಅಪಘಾತದ ಭಯದಿಂದ ಕಳೆಯುವುದು 5ರಿಂದ 9 ದಿನ ಎಂದು ನೆದರ್ಲೆಂಡ್ಸ್‌ನ ಸಂಶೋಧಕರು 2010ರಲ್ಲಿ ಲೆಕ್ಕ ಹಾಕಿದರು. ಅದು ಅವರ ದೇಶದ ರಸ್ತೆಗಳ ಲೆಕ್ಕ, ನಮ್ಮ ಹೆದ್ದಾರಿಗೆ ಅನ್ವಯಿಸುವಂಥದಲ್ಲ. ಆ ದೇಶದಲ್ಲಿ ಜನರಿಗಿಂತ ಸೈಕಲ್‌ಗಳೇ ಹೆಚ್ಚು, ಹೆಲ್ಮೆಟ್ ಹಾಕುವವರು ವಿರಳ. ಅಲ್ಲಿಯೂ ಮೊದಲಿನಿಂದ ಸುರಕ್ಷತೆಯಿರಲಿಲ್ಲ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಿತಂದೆಯರು ಬೀದಿಗಿಳಿದು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಚಳವಳಿ ಹೂಡಿದರು. ಕ್ರಮೇಣ ಸೈಕಲ್‌ಗೆ ಪ್ರತ್ಯೇಕ ದಾರಿ ಬಂದಿತು, ವಸತಿ ಬೀದಿಗಳಲ್ಲಿ ಕಾರುಗಳ ವೇಗಕ್ಕೆ ಕಡಿವಾಣ ಬಿತ್ತು. ಅವರು ಸವಾರನಿಗೆ ಕವಚ ತೊಡಿಸುವ ಬದಲು ಅಪಾಯವನ್ನೇ ದೂರ ಸರಿಸಿದರು. ನಿದಾನಪರಿವರ್ಜನವೇ ಚಿಕಿತ್ಸೆಯ ಮೊದಲ ಹೆಜ್ಜೆ ಎಂದು ಕಲಿತ ನಮಗೆ ಇದು ಹೊಸ ಮಾತಲ್ಲ.

ದಂಡದ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ನೋಡಬೇಕು. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2016ರಲ್ಲಿ ಈ ದಂಡವನ್ನು 71 ಡಾಲರಿನಿಂದ 319 ಡಾಲರಿಗೆ ಏರಿಸಿದರು. ಅಮೆರಿಕದ ಸಿಯಾಟಲ್ ನಗರವಿರುವ ಕಿಂಗ್ ಕೌಂಟಿಯಲ್ಲಿ ಮನೆಯಿಲ್ಲದ ಬಡವರಿಗೂ ಕಪ್ಪು ಜನರಿಗೂ ಹೆಚ್ಚು ದಂಡ ಬೀಳುತ್ತಿದೆಯೆಂದು 2022ರಲ್ಲಿ ಕಾನೂನನ್ನೇ ಹಿಂತೆಗೆದರು. ಇಸ್ರೇಲ್ 2011ರಲ್ಲಿ ನಗರದೊಳಗಿನ ವಯಸ್ಕರಿಗೆ ವಿನಾಯಿತಿ ಕೊಟ್ಟಿತು. ನಮ್ಮ ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು ಮೋಟಾರು ದ್ವಿಚಕ್ರಕ್ಕೆ ಮಾತ್ರ ಅನ್ವಯಿಸುತ್ತದೆ, ಸೈಕಲ್ಲಿಗಲ್ಲ. ಹಿರಿಯ ಭಕ್ತರ ಪ್ರಶ್ನೆಗೆ ಅದೇ ನೇರ ಉತ್ತರ. ನಮ್ಮಲ್ಲಿ ಇಂದು ಸೈಕಲ್ ತುಳಿಯುವವರು ಯಾರು? ಬೆಳಗಿನ ಹಾಲು, ಪತ್ರಿಕೆ ಹಾಕುವ ಹುಡುಗ, ಗಾರೆ ಕೆಲಸದವನು, ಹಳ್ಳಿಯಿಂದ ಪ್ರೌಢಶಾಲೆಗೆ ಹೋಗುವ ಹೆಣ್ಣುಮಗಳು. ಒಂದು ದಿನದ ಕೂಲಿಯನ್ನು ದಂಡವಾಗಿ ಕಿತ್ತುಕೊಂಡರೆ ಅವರು ಸೈಕಲ್ ಬಿಡುತ್ತಾರೆಯೇ ಹೊರತು ಸುರಕ್ಷಿತರಾಗುವುದಿಲ್ಲ. ಆದ್ದರಿಂದ ದೊಡ್ಡವರಿಗೆ ಕಡ್ಡಾಯದ ಕಾನೂನು ಇಲ್ಲಿ ಬೇಡವೆಂದೇ ನನ್ನ ಮತ. ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. ತಲೆಗಾಯದ ರೋಗಿಗಳ ನಡುವೆಯೇ ದಿನ ಕಳೆಯುವವರ ಕೋಪ ನನಗೆ ಅರ್ಥವಾಗುತ್ತದೆ.

ಕಾನೂನು ಬೇಡವೆಂದರೆ ಹೆಲ್ಮೆಟ್ ಬೇಡವೆಂದಲ್ಲ. ರಾತ್ರಿ ಹೊರಡಲೇಬೇಕಾದರೆ ಕೋಲು, ತಲೆಗೆ ಸುತ್ತು, ಜೊತೆಗೊಬ್ಬರು ಇರಲಿ ಎಂದು ವಾಗ್ಭಟರೇ ದಿನಚರ್ಯೆಯಲ್ಲಿ ಹೇಳಿದ್ದಾರೆ. ಅದಕ್ಕೆ ಅವರು ದಂಡ ವಿಧಿಸಲಿಲ್ಲ. ಮಕ್ಕಳ ಮಟ್ಟಿಗೆ ನಾನು ಹಟಮಾರಿ. ಸೈಕಲ್ ಕೊಡಿಸುವ ದಿನವೇ ಹೆಲ್ಮೆಟ್ ಕೊಡಿಸಿ. ಅದು ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಸಮನಾಗಿ ಕೂರಬೇಕು; ಗದ್ದದ ಪಟ್ಟಿಯೊಳಗೆ ಒಂದೆರಡು ಬೆರಳಷ್ಟೇ ಹಿಡಿಯಬೇಕು. ಒಳಗಿನ ಹಗುರವಾದ ಬೆಂಡಿನಂಥ ಪದರ ಜಜ್ಜಿಹೋಗುವ ಮೂಲಕವೇ ಪೆಟ್ಟನ್ನು ನುಂಗುತ್ತದೆ, ಹಾಗಾಗಿ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು. ಯುರೋಪಿನ ಮಾನದಂಡದಲ್ಲಿ ಇದನ್ನು ಪರೀಕ್ಷಿಸುವುದು ಗಂಟೆಗೆ ಸುಮಾರು 20 ಕಿ.ಮೀ. ವೇಗದ ಹೊಡೆತಕ್ಕೆ. ಬೀಳುವ ಮಗುವಿಗೆ ಅಷ್ಟು ಸಾಕು. ಹಿಂದಿನಿಂದ ಬರುವ ಟಿಪ್ಪರ್‌ಗೆ ಅದು ಉತ್ತರವಲ್ಲ.

ಹೆಲ್ಮೆಟ್ ಇರಲಿ, ಇಲ್ಲದಿರಲಿ, ತಲೆಗೆ ಪೆಟ್ಟಾದ ಮಗುವನ್ನು ಒಂದು ಹಗಲು ಒಂದು ರಾತ್ರಿ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಿ. ಕ್ಷಣಕಾಲವಾದರೂ ಎಚ್ಚರ ತಪ್ಪಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ತಲೆನೋವು ಏರುತ್ತಾ ಹೋದರೆ, ಎಬ್ಬಿಸಿದರೂ ಏಳದಂತೆ ಮಲಗಿದರೆ, ಮಾತು ತೊದಲಿದರೆ, ಕಿವಿ ಮೂಗುಗಳಿಂದ ರಕ್ತವೋ ತಿಳಿನೀರೋ ಇಳಿದರೆ, ಕಣ್ಣ ಪಾಪೆಗಳೆರಡು ಬೇರೆ ಬೇರೆ ಗಾತ್ರವಾಗಿ ಕಂಡರೆ, ನನ್ನಂಥ ವೈದ್ಯರ ಬಳಿ ಲೇಪಕ್ಕೆ ಬರಬೇಡಿ. ತಲೆಯ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಅದೇ ಗಳಿಗೆಯಲ್ಲಿ ಹೊರಡಿ, ಆಂಬ್ಯುಲೆನ್ಸ್‌ಗೆ 108.